ಹದಿನಾಲ್ಕು ತಿರುವು, ಎರಡು ಸೈಕಲ್ಲು

ಶಿವಮೊಗ್ಗದಿಂದ ಆಗುಂಬೆಗೆ ಸೈಕಲ್ಲಿನಲ್ಲಿ ಹೋಗಿ, ಘಟ್ಟ ಇಳಿದು ಹೆಬ್ರಿ ಮುಟ್ಟುತ್ತೇನೆ ಎಂದಾಗ ನಮ್ಮ ಸ್ಟಾಫ್ ರೂಮಿನಲ್ಲಿ ನಗುವಿನ ಅಲೆಯೇ ಎದ್ದಿತು. ‘ಮೇಷ್ಟ್ರೇ, ನಿವೃತ್ತಿಗೆ ಇನ್ನೂ ಐದು ವರ್ಷ ಇದೆ. ಅಷ್ಟರೊಳಗೇ ಮನೆಯವರಿಗೆ ಕುಟುಂಬ ಪಿಂಚಣಿ ಕೊಡಿಸುವ ಯೋಚನೆಯೋ?’ ಎಂದರು ಗಣಿತದ ಮೇಷ್ಟ್ರು. ನಾನೂ ನಕ್ಕೆ. ಆದರೆ ರಜೆ ಅರ್ಜಿ ಬರೆದುಕೊಟ್ಟೆ. 2025ರ ಸಂಕ್ರಾಂತಿ ಮಂಗಳವಾರ ಬಂದಿತ್ತು. ಹಿಂದೆ ಮುಂದೆ ಒಂದೊಂದು ಸಾಂದರ್ಭಿಕ ರಜೆ ಸೇರಿಸಿದರೆ ಭಾನುವಾರದಿಂದ ಬುಧವಾರದವರೆಗೆ ನಾಲ್ಕು ದಿನ ಕೈಗೆ ಸಿಗುತ್ತಿತ್ತು.

ಇದಕ್ಕೆಲ್ಲ ಕಾರಣ ಪ್ರಥಮ ಪಿಯುಸಿ ಓದುತ್ತಿರುವ ನನ್ನ ಮಗ. ಅವನಿಗೆ ಗೇರ್ ಸೈಕಲ್ಲು ಬೇಕಾಗಿತ್ತು. ದಿನಕ್ಕೊಂದು ಚಿತ್ರವನ್ನು ಮೊಬೈಲಿನಲ್ಲಿ ತೋರಿಸುತ್ತಿದ್ದ. ಮುಂದೆ ಸ್ಪ್ರಿಂಗು, ಹಿಂದೆ ಸ್ಪ್ರಿಂಗು, ಟ್ರ್ಯಾಕ್ಟರಿಗೆ ಹಾಕುವಂಥ ಟಯರು, ಬೆಲೆ ಇಪ್ಪತ್ತು ಸಾವಿರದ ಮೇಲೆ. ನಮ್ಮ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಎರಡು ಉಕ್ಕಿನ ಸೈಕಲ್ಲುಗಳು ಧೂಳು ತಿನ್ನುತ್ತಿದ್ದವು. ಒಂದು ನಮ್ಮ ತಂದೆಯವರ ಕಾಲದ ಕಪ್ಪು ಸೈಕಲ್ಲು. ನಾನು ಒಳಗಾಲು ಹಾಕಿ ಕಲಿತದ್ದು ಅದರಲ್ಲೇ. ಇನ್ನೊಂದು, ನನ್ನ ಮಗಳು ಹೈಸ್ಕೂಲಿಗೆ ಓಡಿಸುತ್ತಿದ್ದ ನೇರ ಹ್ಯಾಂಡಲಿನ ಸೈಕಲ್ಲು. ಅದಕ್ಕೆ ಸ್ಪ್ರಿಂಗೂ ಇಲ್ಲ, ಗೇರೂ ಇಲ್ಲ.

‘ಇವೆರಡನ್ನೂ ರಿಪೇರಿ ಮಾಡಿಸೋಣ. ಆಗುಂಬೆ ಇಳಿದು ಹೆಬ್ರಿ ತಲುಪಿದ ಮೇಲೂ ನಿನಗೆ ಹೊಸದೇ ಬೇಕು ಅನ್ನಿಸಿದರೆ ಕೊಡಿಸ್ತೀನಿ’ ಎಂದೆ.

‘ಪ್ರಾಮಿಸ್ಸಾ ಅಪ್ಪ?’

‘ಪ್ರಾಮಿಸ್.’

ಆಗುಂಬೆಯೇ ಯಾಕೆ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ ತಿಳಿಯದು. ಆ ಘಟ್ಟದಲ್ಲಿ ನನ್ನದೊಂದು ಹಳೆಯ ಸಾಲ ಬಾಕಿ ಇತ್ತು.

ಕೂಡು ಕುಟುಂಬದ ಲೆಕ್ಕ

ನಾವು ಸೈಕಲ್ಲುಗಳನ್ನು ತಳ್ಳಿಕೊಂಡು ಹೋದದ್ದು ನಮ್ಮ ಬಡಾವಣೆಯ ಹಳೆಯ ಸೈಕಲ್ ಶಾಪಿಗೆ. ಅಲ್ಲಿಯ ಯಜಮಾನರಿಗೆ ಎಪ್ಪತ್ತು ದಾಟಿದೆ. ಕಣ್ಣು ಮಂಜಾದರೂ ಬೆರಳಿಗೆ ಮಂಜು ಕವಿದಿಲ್ಲ. ಚಕ್ರವನ್ನು ಒಮ್ಮೆ ತಿರುಗಿಸಿ, ಕಡ್ಡಿಗಳನ್ನು ವೀಣೆಯ ತಂತಿಯಂತೆ ಮೀಟಿ, ಸಡಿಲವಾದ ಕಡ್ಡಿ ಯಾವುದೆಂದು ಸದ್ದಿನಿಂದಲೇ ಹೇಳಬಲ್ಲರು.

ಮಗ ಉತ್ಸಾಹದಿಂದ ಪಟ್ಟಿ ಓದತೊಡಗಿದ: ಗೇರು, ಅಲ್ಯೂಮಿನಿಯಂ ರಿಮ್ಮು, ಹೊಸ ಬ್ರೇಕು... ಅವರು ಕೈ ಎತ್ತಿ ತಡೆದರು. ‘ಮರಿ, ಸೈಕಲ್ ಅಂದ್ರೆ ಕೂಡು ಕುಟುಂಬ. ಮನೆಗೆ ಹೊಸಬರನ್ನ ತರೋ ಮುಂಚೆ ಇರೋರನ್ನೆಲ್ಲ ಕೇಳಬೇಕು.’

ಈ ಮಾತಿನ ಅರ್ಥ ಮುಂದಿನ ಹತ್ತು ದಿನಗಳಲ್ಲಿ ನಮಗೆ ಚೆನ್ನಾಗಿ ತಿಳಿಯಿತು. ಕಪ್ಪು ಸೈಕಲ್ಲಿನ ರಾಡ್ ಬ್ರೇಕು ಮತ್ತು ಉಕ್ಕಿನ ರಿಮ್ಮನ್ನು ತೆಗೆದು ಅಲ್ಯೂಮಿನಿಯಂ ರಿಮ್ ಹಾಕಿಸೋಣ ಎಂದು ನಾನೇ ಮೊದಲು ಕೇಳಿದೆ. ಅವರು ಬೆರಳು ಮಡಚುತ್ತ ಎಣಿಸಿದರು. ಈ ಸೈಕಲ್ಲಿನ ಮುಂದಿನ ಹಬ್ಬಿಗೆ 32 ಕಡ್ಡಿ, ಹಿಂದಿನದಕ್ಕೆ 40. ಪೇಟೆಯಲ್ಲಿ ಸಿಗುವ ಅಲ್ಯೂಮಿನಿಯಂ ರಿಮ್ಮಿಗೆ ಸಾಮಾನ್ಯವಾಗಿ 32 ಇಲ್ಲವೇ 36 ತೂತು. ಹಾಗಾಗಿ ಹಿಂದಿನ ಹಬ್ ಬದಲಿಸಬೇಕು. ರಾಡ್ ಬ್ರೇಕಿನ ರಬ್ಬರು ರಿಮ್ಮಿನ ಒಳಮೈಯನ್ನು ಒತ್ತುತ್ತದೆ, ಹೊಸ ರಿಮ್ಮಿಗೆ ಪಕ್ಕದಿಂದ ಒತ್ತುವ ಬ್ರೇಕು ಬೇಕು. ಹಾಗಾಗಿ ಬ್ರೇಕ್ ಬದಲಿಸಬೇಕು. ಹೊಸ ಬ್ರೇಕು ತಂತಿಯಿಂದ ಎಳೆಯುವಂಥದ್ದು, ಹಳೆಯ ಹ್ಯಾಂಡಲಿಗೆ ರಾಡಿನ ಲಿವರ್ ಅಂಟಿಕೊಂಡೇ ಇದೆ. ಹಾಗಾಗಿ ಹ್ಯಾಂಡಲ್ಲೂ ಬದಲಾಗಬೇಕು. ‘ಕೊನೆಗೆ ನಿಮ್ಮ ಅಪ್ಪಾಜಿಯ ಸೈಕಲ್ಲಿನಲ್ಲಿ ಬಾರ್ ಒಂದೇ ಉಳಿಯೋದು. ಇದನ್ನ ಇದ್ದ ಹಾಗೇ ಸರಿ ಮಾಡ್ತೀನಿ. ಇದರ ಬ್ರೇಕು ಮಳೇಲಿ ನಂಬಬೇಡಿ, ಇಳಿಜಾರಲ್ಲಿ ಅವಸರ ಮಾಡಬೇಡಿ, ಅಷ್ಟೇ’ ಎಂದರು.

ಟಯರಿನ ವಿಷಯಕ್ಕೆ ಬಂದಾಗ ನನ್ನ ಅಜ್ಞಾನವೂ ಬಯಲಾಯಿತು. ಅಳತೆ 26 ಇಂಚು ಎಂದರೆ ಎಲ್ಲ ಟಯರೂ ಒಂದೇ ಎಂದು ತಿಳಿದಿದ್ದೆ. ಹಾಗಲ್ಲ! ಮಗಳ ಸೈಕಲ್ಲಿನಂತೆ ‘26 x 1.75’ ಎಂದು ಬರೆದ ಟಯರು ಕೂರುವ ರಿಮ್ಮಿನ ವ್ಯಾಸ 559 ಮಿ.ಮೀ. ಕೆಲವು ಲೇಡೀಸ್ ಸೈಕಲ್ಲುಗಳ ‘26 x 1⅜’ ಟಯರಿನದು 590 ಮಿ.ಮೀ. ಒಂದನ್ನು ಇನ್ನೊಂದಕ್ಕೆ ತೊಡಿಸಲು ಸಾಧ್ಯವೇ ಇಲ್ಲ. ಹಾಗೆಯೇ ಕಪ್ಪು ಸೈಕಲ್ಲಿನ ‘28 x 1½’ಕ್ಕೆ 635 ಮಿ.ಮೀ. ಆದರೆ, ಈಗಿನ ಪಟ್ಟಣದ ಸೈಕಲ್ಲುಗಳ ‘700ಸಿ’ಗೆ 622 ಮಿ.ಮೀ. ಟಯರಿನ ಪಕ್ಕೆಯಲ್ಲಿ ಸಣ್ಣ ಅಕ್ಷರದಲ್ಲಿ ‘47-559’ ಎಂಬಂಥ ಅಂಕಿಗಳಿರುತ್ತವೆ. ಮೊದಲನೆಯದು ಟಯರಿನ ಅಗಲ, ಎರಡನೆಯದು ರಿಮ್ಮಿನ ವ್ಯಾಸ. ಅಂಗಡಿಗೆ ಹೋಗುವ ಮುನ್ನ ಆ ಎರಡನೆಯ ಅಂಕಿಯನ್ನು ಚೀಟಿಯಲ್ಲಿ ಬರೆದುಕೊಂಡರೆ ಎರಡು ಸಲ ಅಲೆಯುವುದು ತಪ್ಪುತ್ತದೆ.

ಮಗನ ಸೈಕಲ್ಲಿಗೆ ಮುಳ್ಳುಮುಳ್ಳಾದ ಟಯರು ತೆಗೆದು, ನಡುವೆ ನುಣುಪಾದ ಟಯರು ಹಾಕಿಸಿದೆವು. ಕೆಸರಿನಲ್ಲಿ ಮುಳ್ಳು ಹಿಡಿತ ಕೊಡುತ್ತದೆ. ಡಾಂಬರಿನ ಮೇಲೆ ಅದು ಬರೀ ಗುಂಯ್ ಎಂಬ ಸದ್ದು ಮಾಡುತ್ತ ನಮ್ಮ ಕಾಲಿನ ಶಕ್ತಿಯನ್ನು ತಿನ್ನುತ್ತದೆ. ಅಗ್ಗದ ಸ್ಪ್ರಿಂಗಿನ ಕತೆಯೂ ಇದೇ. ನಾವು ಪೆಡಲ್ ತುಳಿದಾಗಲೆಲ್ಲ ಅದು ಕುಗ್ಗಿ ಹಿಗ್ಗಿ, ಮುಂದೆ ಹೋಗಬೇಕಾದ ಶಕ್ತಿಯಲ್ಲಿ ತನ್ನ ಪಾಲು ತೆಗೆದುಕೊಳ್ಳುತ್ತದೆ. ಸಾಲದ್ದಕ್ಕೆ ಭಾರ ಬೇರೆ.

ಹಲ್ಲು ಎಣಿಸುವ ಪಾಠ

ಗೇರಿನ ವಿಷಯದಲ್ಲಿ ಮಾತ್ರ ಮಗ ಪಟ್ಟು ಬಿಡಲಿಲ್ಲ. ಸರಿ, ಗೇರು ಎಂದರೇನೆಂದು ಮೊದಲು ಲೆಕ್ಕ ಮಾಡು ಎಂದೆ. ಇದಕ್ಕೆ ಬೇಕಾದದ್ದು ಏಳನೇ ತರಗತಿಯ ಗಣಿತ ಮಾತ್ರ. ಪೆಡಲಿನ ಬಳಿಯ ಚೈನ್ ವೀಲಿನ ಹಲ್ಲುಗಳನ್ನು ಎಣಿಸಿ. ಹಿಂದಿನ ಫ್ರೀವೀಲಿನ ಹಲ್ಲುಗಳಿಂದ ಭಾಗಿಸಿ. ಬಂದದ್ದನ್ನು ಚಕ್ರದ ಸುತ್ತಳತೆಯಿಂದ ಗುಣಿಸಿ. ಪೆಡಲನ್ನು ಒಂದು ಸುತ್ತು ತುಳಿದರೆ ಸೈಕಲ್ಲು ಎಷ್ಟು ದೂರ ಹೋಗುತ್ತದೆ ಎಂಬುದು ಸಿಗುತ್ತದೆ.

ನನ್ನ ಕಪ್ಪು ಸೈಕಲ್ಲಿನಲ್ಲಿ ಮುಂದೆ 44, ಹಿಂದೆ 18, ಚಕ್ರದ ಸುತ್ತಳತೆ ಸುಮಾರು 2.2 ಮೀಟರ್. ಅಂದರೆ ಸುತ್ತಿಗೆ 5.4 ಮೀಟರ್. ಸಪಾಟು ರಸ್ತೆಗೆ ಇದು ಸರಿ. ಏರಿನಲ್ಲಿ ಮಂಡಿ ಕಳಚುತ್ತದೆ. ಯಜಮಾನರು ಹಿಂದಿನ ಫ್ರೀವೀಲನ್ನು ಬಿಚ್ಚಿ 22 ಹಲ್ಲಿನದು ಹಾಕಿದರು. ಈಗ ಸುತ್ತಿಗೆ 4.4 ಮೀಟರ್. ವೇಗ ಕಡಿಮೆಯಾಯಿತು, ತುಳಿಯುವ ಬಲವೂ ಸುಮಾರು ಐದನೇ ಒಂದು ಪಾಲು ಕಡಿಮೆ ಸಾಕು. ಹಲ್ಲು ನಾಲ್ಕು ಹೆಚ್ಚಿದ್ದರಿಂದ ಚೈನಿನ ಉದ್ದವೂ ಒಂದಿಂಚು ಹೆಚ್ಚಬೇಕಾಯಿತು. ಒಂದು ಫ್ರೀವೀಲು ಮತ್ತು ಒಂದು ಚೈನಿನ ಖರ್ಚಿನಲ್ಲಿ ನನ್ನ ವಯಸ್ಸು ಐದು ವರ್ಷ ಇಳಿಯಿತು!

ಮಗನ ಸೈಕಲ್ಲಿಗೆ 14ರಿಂದ 28 ಹಲ್ಲಿನವರೆಗೆ ಆರು ಬಿಲ್ಲೆಗಳಿರುವ ಫ್ರೀವೀಲು ಹಾಕಿಸಿದೆವು. ಆಗ ಕೂಡು ಕುಟುಂಬದವರೆಲ್ಲ ಒಬ್ಬೊಬ್ಬರಾಗಿ ಎದ್ದು ನಿಂತರು. ಆರು ಬಿಲ್ಲೆ ಕೂರಲು ಉದ್ದನೆಯ ಆಕ್ಸಲ್ ಬೇಕು. ಆಕ್ಸಲ್ ಉದ್ದವಾದರೆ ಹಿಂದಿನ ಫೋರ್ಕು ಸ್ವಲ್ಪ ಅಗಲವಾಗಬೇಕು. ಗೇರಿನ ಚೈನು ಸಾಧಾರಣ ಚೈನಿಗಿಂತ ತೆಳು, ಅದರೊಳಗೆ ಹಳೆಯ ಚೈನ್ ವೀಲಿನ ದಪ್ಪ ಹಲ್ಲು ಇಳಿಯುವುದಿಲ್ಲ. ಹಾಗಾಗಿ ತೆಳು ಹಲ್ಲಿನ, 42ರ ಚೈನ್ ವೀಲಿರುವ ಕ್ರ್ಯಾಂಕ್ ಬಂತು. ಗೇರ್ ಬದಲಿಸುವ ಸಾಧನವನ್ನು ಸಿಕ್ಕಿಸಲು ಫ್ರೇಮಿನಲ್ಲಿ ಜಾಗವಿರಲಿಲ್ಲ. ಆಕ್ಸಲಿನ ನಟ್ಟಿಗೇ ಬಿಗಿಯುವ ಒಂದು ತಗಡಿನ ಕೊಕ್ಕೆ ಬಂತು. ಇಷ್ಟೆಲ್ಲ ಆದದ್ದಕ್ಕೆ ಫಲ ಏನೆಂದರೆ, ಅತಿ ಭಾರದ ಗೇರಿನಲ್ಲಿ ಸುತ್ತಿಗೆ 6 ಮೀಟರ್, ಅತಿ ಹಗುರದ್ದರಲ್ಲಿ 3 ಮೀಟರ್. ಏರಿನಲ್ಲಿ ಅವನು ನನಗಿಂತ ಬಹಳ ಹಗುರವಾಗಿ ಹತ್ತಬಲ್ಲ.

ಫೋರ್ಕನ್ನು ಅಗಲಿಸಿದ್ದು ಉಕ್ಕಿನ ಫ್ರೇಮ್ ಆದ್ದರಿಂದಲೇ ಸಾಧ್ಯವಾಯಿತು. ಉಕ್ಕು ಬಾಗುತ್ತದೆ, ಬಾಗಿದ್ದನ್ನು ಜೋಪಾನವಾಗಿ ನೆಟ್ಟಗೆ ಮಾಡಬಹುದು, ಮುರಿದರೆ ಯಾವ ಹೋಬಳಿಯಲ್ಲಾದರೂ ಬೆಸುಗೆ ಹಾಕುವವರು ಸಿಗುತ್ತಾರೆ. ಅಲ್ಯೂಮಿನಿಯಂ ಫ್ರೇಮಿಗೆ ಇದನ್ನು ಮಾಡಲು ಹೋಗಬಾರದು. ದೂರ ಪ್ರಯಾಣದವರು ಇಂದಿಗೂ ಉಕ್ಕನ್ನು ಬಿಡದಿರುವುದು ಬರೀ ಅಭಿಮಾನದಿಂದಲ್ಲ.

ಗೇರೆಂದರೆ ಸೋಮಾರಿಗಳ ಸಾಧನ ಎಂದು ನಗುವವರಿಗೆ ಒಂದು ಮಾತು. ಫ್ರಾನ್ಸಿನ ಸೇಂತ್ ಎತಿಯೆನ್ ಊರಿನ ಪಾಲ್ ದ ವಿವಿ ಎಂಬ ಪತ್ರಿಕಾ ಸಂಪಾದಕ ನೂರು ವರ್ಷಕ್ಕೂ ಹಿಂದೆಯೇ ಗೇರುಗಳ ಪರವಾಗಿ ಬರೆದು ಬರೆದು ನಗೆಪಾಟಲಿಗೆ ಗುರಿಯಾಗಿದ್ದ. ಹೆಸರಾಂತ ಟೂರ್ ದ ಫ್ರಾನ್ಸ್ ಸ್ಪರ್ಧೆಯಲ್ಲಿ ಚೈನನ್ನು ಬಿಲ್ಲೆಯಿಂದ ಬಿಲ್ಲೆಗೆ ದಾಟಿಸುವ ಗೇರಿಗೆ ಅನುಮತಿ ಸಿಕ್ಕಿದ್ದು 1937ರಲ್ಲಿ. ಅದಕ್ಕೆ ಮುಂಚೆ ಸ್ಪರ್ಧಿಗಳು ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಚಕ್ರ ಬಿಚ್ಚಿ, ಆಚೆ ಬದಿಯ ದೊಡ್ಡ ಹಲ್ಲಿನ ಬಿಲ್ಲೆಗೆ ತಿರುಗಿಸಿ ಹಾಕಿಕೊಳ್ಳುತ್ತಿದ್ದರು.

ಮೊದಲು ನಿಲ್ಲಲಿ, ಆಮೇಲೆ ಓಡಲಿ

ಬ್ರೇಕಿನ ಕೆಲಸ ಬಂದಾಗ ನಾನು ಮಗನನ್ನು ಹತ್ತಿರ ಕೂರಿಸಿಕೊಂಡೆ. ಅವನ ಸೈಕಲ್ಲಿಗೆ ಅಲ್ಯೂಮಿನಿಯಂ ರಿಮ್ಮು, ಎರಡೂ ಪಕ್ಕದಿಂದ ಒತ್ತುವ ಬ್ರೇಕು ಹಾಕಿಸಿದ್ದೆವು. ಶಾಲೆಯ ಮೈದಾನದಲ್ಲಿ ಸುಣ್ಣದ ಗೆರೆ ಎಳೆದು ಒಂದು ಪ್ರಯೋಗ ಮಾಡಿದೆವು. ಒಣಗಿದ್ದಾಗ ಎರಡು ಸೈಕಲ್ಲೂ ಹೆಚ್ಚುಕಡಿಮೆ ಒಂದೇ ದೂರದಲ್ಲಿ ನಿಂತವು. ರಿಮ್ಮಿಗೆ ಚೊಂಬಿನಿಂದ ನೀರು ಸುರಿದಾಗ ಅವನದು ಎರಡು ಹೆಜ್ಜೆ ಮುಂದೆ ಹೋಗಿ ನಿಂತಿತು. ನನ್ನದು ಗೆರೆ ದಾಟಿ, ಧ್ವಜದ ಕಟ್ಟೆ ದಾಟಿ, ಕೊನೆಗೆ ನನ್ನ ಚಪ್ಪಲಿಯ ದಯೆಯಿಂದ ನಿಂತಿತು. ಕ್ರೋಮಿಯಂ ಲೇಪಿಸಿದ ನುಣುಪು ಉಕ್ಕಿನ ಮೇಲೆ ನೀರಿನ ಪೊರೆ ಕೂತರೆ ಘರ್ಷಣೆ ಅಷ್ಟು ಇಳಿಯುತ್ತದೆ.

‘ಅಪ್ಪ, ಈ ರಬ್ಬರ್ ಗೂಡು ಒಂದು ಕಡೆ ಮುಚ್ಚಿದೆ, ಇನ್ನೊಂದು ಕಡೆ ತೆರೆದಿದೆಯಲ್ಲ, ಯಾವ ಕಡೆ ಮುಂದೆ ಬರಬೇಕು?’ ಎಂದು ಮಗ ಕೇಳಿದ. ನಾನು ಉತ್ತರಿಸಲಿಲ್ಲ. ಯಜಮಾನರೇ ಹೇಳಿದರು: ‘ಚಕ್ರ ಯಾವ ಕಡೆ ತಿರುಗುತ್ತೋ ಆ ಕಡೆಗೆ ಮುಚ್ಚಿದ ಬದಿ. ಮುಂದಿನ ಬ್ರೇಕಿಗೆ ಮುಂದಕ್ಕೆ. ಉಲ್ಟಾ ಹಾಕಿದ್ರೆ ಚಕ್ರವೇ ರಬ್ಬರನ್ನ ಎಳೆದು ಹೊರಗೆ ಹಾಕುತ್ತೆ.’

ಜನವರಿ 12ರ ಭಾನುವಾರ ಬೆಳಗಿನ ಆರಕ್ಕೆ ಹೊರಟೆವು. ಸೀಟಿನ ಎತ್ತರ ಹೊಂದಿಸಿಕೊಂಡಿದ್ದೆವು. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ಆಗ ಅಂಗಾಲಿನ ಮುಂಭಾಗದಿಂದ ತುಳಿಯುವಾಗ ಮಂಡಿಯಲ್ಲಿ ಹದವಾದ ಬಾಗು ಉಳಿಯುತ್ತದೆ. ಗಂಟುಮೂಟೆಗಳನ್ನು ಕ್ಯಾರಿಯರಿನ ಎರಡೂ ಪಕ್ಕಕ್ಕೆ ಸಮಭಾರವಾಗಿ, ಕೆಳಗೆ ಇಳಿಬಿಟ್ಟು ಕಟ್ಟಿದ್ದೆವು. ಹ್ಯಾಂಡಲಿಗೆ ಏನನ್ನೂ ನೇತುಹಾಕಿರಲಿಲ್ಲ. ಚೀಲದಲ್ಲಿ ಪಾನ, ಪಂಚರ್ ಸಾಮಾನು, ಎರಡು ಟ್ಯೂಬು, ನಾಲ್ಕು ಬ್ರೇಕ್ ರಬ್ಬರು, ಒಂದು ಕಾಟರ್ ಪಿನ್ನು.

ತುಂಗೆಯ ಬಲದಂಡೆ ಎಡದಂಡೆ

ಗಾಜನೂರಿನ ಅಣೆಕಟ್ಟೆಯ ಹಿನ್ನೀರಿನ ಮೇಲೆ ಮಂಜು ಮಲಗಿತ್ತು. ಸಕ್ರೆಬೈಲಿನಲ್ಲಿ ಆನೆಗಳು ಸ್ನಾನಕ್ಕೆ ಇಳಿಯುವುದನ್ನು ನೋಡುತ್ತ ಇಡ್ಲಿಯ ಬುತ್ತಿ ಬಿಚ್ಚಿದೆವು. ಮಂಡಗದ್ದೆಯಲ್ಲಿ ಮಳೆಗಾಲದ ಹಕ್ಕಿಗೂಡುಗಳ ಗದ್ದಲ ಮುಗಿದು ತುಂಗೆ ತನ್ನಷ್ಟಕ್ಕೆ ಹರಿಯುತ್ತಿದ್ದಳು. ಬಸ್ಸಿನಲ್ಲಿ ನೂರು ಸಲ ಹೋದ ದಾರಿ ಇದು. ಆದರೆ ಅದರಲ್ಲಿ ಎಷ್ಟು ಏರುಗಳಿವೆ ಎಂದು ನನಗೆ ಗೊತ್ತಾದದ್ದು ಈ ಸಲವೇ. ಬಸ್ಸಿನವನು ಗೇರ್ ಬದಲಿಸುವ ಸದ್ದಿನಲ್ಲಿ ಕಳೆದುಹೋಗುವ ಏರು, ಸೈಕಲ್ಲಿನವನ ತೊಡೆಗೆ ಅಕ್ಷರ ಅಕ್ಷರವಾಗಿ ಓದಿ ಹೇಳುತ್ತದೆ.

ಮಗ ಹಗುರದ ಗೇರಿನಲ್ಲಿ ಟಕಟಕ ತುಳಿಯುತ್ತ ಮುಂದೆ ಹೋಗಿ, ಏರಿನ ತುದಿಯಲ್ಲಿ ಕಾಯುತ್ತಿದ್ದ. ನಾನು ತೀರಾ ಕಡಿದಾದಲ್ಲಿ ಇಳಿದು ತಳ್ಳಿದೆ. ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಕಾಲ್ನಡಿಗೆಯೂ ಒಂದು ಗೇರೇ!

ತೀರ್ಥಹಳ್ಳಿಗೆ ಸುಮಾರು 60 ಕಿ.ಮೀ. ಎಳ್ಳಮಾವಾಸ್ಯೆಯ ಜಾತ್ರೆ ಮುಗಿದಿತ್ತು. ಅಡಿಕೆ ಕೊಯ್ಲಿನ ಕಾಲ, ಅಂಗಳಗಳಲ್ಲೆಲ್ಲ ಅಡಿಕೆ ಹರಡಿತ್ತು. ಊರು ಇನ್ನೂ ಐದಾರು ಕಿ.ಮೀ. ಇರುವಾಗ ನನ್ನ ಪೆಡಲಿನಲ್ಲಿ ‘ಟಕ್ ಟಕ್’ ಸದ್ದು ಶುರುವಾಯಿತು. ಸುತ್ತಿಗೊಂದು ಸಲ, ಎಡಗಾಲಿಗೆ. ಮಗ ಕಿವಿಗೊಟ್ಟು ಕೇಳಿ ‘ಕಾಟರ್ ಪಿನ್ನು ಸವೆದಿದೆ ಅಪ್ಪ’ ಎಂದ. ಹತ್ತು ದಿನ ಶಾಪಿನಲ್ಲಿ ಕೂತದ್ದು ವ್ಯರ್ಥವಾಗಿರಲಿಲ್ಲ. ರಾತ್ರಿ ಉಳಿದ ಬಂಧುಗಳ ಮನೆಯಲ್ಲಿ ಕ್ರ್ಯಾಂಕಿನ ಕೆಳಗೆ ಒರಳಿನ ಗುಂಡಿನ ಆಸರೆ ಕೊಟ್ಟು, ಹಳೆಯ ಪಿನ್ನನ್ನು ಸುತ್ತಿಗೆಯಿಂದ ಹೊಡೆದು ತೆಗೆದು, ಹೊಸದನ್ನು ಅವನೇ ಕೂರಿಸಿದ. ಆಸರೆ ಕೊಡದೆ ಹೊಡೆದರೆ ಏಟು ಒಳಗಿನ ಬಾಲ್ಸುಗಳ ಮೇಲೆ ಬೀಳುತ್ತದೆ ಎಂದು ನನಗೇ ಪಾಠ ಮಾಡಿದ.

ಮರುದಿನ ಮೇಗರವಳ್ಳಿ ದಾಟಿ ಆಗುಂಬೆಗೆ ಸುಮಾರು 30 ಕಿ.ಮೀ. ಕಾಡು ಎರಡೂ ಕಡೆಯಿಂದ ರಸ್ತೆಯ ಮೇಲೆ ಬಾಗಿ ಚಪ್ಪರ ಹಾಕಿತ್ತು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಊರು ಜನವರಿಯಲ್ಲಿ ಬಿಸಿಲಿಗೆ ಮೈಯೊಡ್ಡಿ ಕೂತಿತ್ತು. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿ ಚಿತ್ರಿಸಿದ ದೊಡ್ಡಮನೆಯನ್ನು ಮಗನಿಗೆ ತೋರಿಸಿದೆ. ಸಂಜೆ ಸೂರ್ಯಾಸ್ತ ನೋಡುವ ಕಟ್ಟೆಯ ಮೇಲೆ ಜನ ತುಂಬಿದ್ದರು. ಸೂರ್ಯ ಮುಳುಗುವ ದಿಕ್ಕಿಗೆ ಎಲ್ಲರೂ ನೋಡುತ್ತಿದ್ದರೆ, ನಾನು ಕೆಳಗೆ ಹಾವಿನಂತೆ ಇಳಿಯುವ ರಸ್ತೆಯನ್ನು ನೋಡುತ್ತಿದ್ದೆ. ಅಲ್ಲೇ ಮಗನಿಗೆ ಹೇಳಿದೆ.

1990ರ ಮಾರ್ಚ್

ಆಗ ನಾನು ಶಿವಮೊಗ್ಗದಲ್ಲಿ ಅಂತಿಮ ಬಿ.ಎಸ್ಸಿ. ಓದುತ್ತಿದ್ದೆ. ರೂಮಿನಲ್ಲಿ ಜೊತೆಗಿದ್ದ ಗೆಳೆಯ ಹೆಬ್ರಿ ಕಡೆಯವನು. ತರಗತಿಗೆ ಮೊದಲಿಗ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಬೇಕೆಂಬ ಕನಸಿತ್ತು. ಪರೀಕ್ಷೆಗೆ ಮುಂಚಿನ ಓದುವ ರಜೆಯಲ್ಲಿ ಇಬ್ಬರೂ ಸೈಕಲ್ಲಿನಲ್ಲಿ ಅವನ ಊರಿಗೆ ಹೊರಟೆವು. ಅವನ ತಂದೆಯ ಸೈಕಲ್ಲಿನ ಬ್ರೇಕ್ ರಬ್ಬರು ಸವೆದಿತ್ತು. ಅಂಗಡಿಗೆ ಕೊಡುವ ದುಡ್ಡು ಉಳಿಯುತ್ತದೆಂದು ಹಿಂದಿನ ರಾತ್ರಿ ಲಾಂದ್ರದ ಬೆಳಕಿನಲ್ಲಿ ನಾನೇ ಬದಲಿಸಿದೆ. ‘ಘರ್ಷಣೆಯ ಸೂತ್ರ ಬಾಯಿಪಾಠ ಇರೋನಿಗೆ ಇದೇನು ಮಹಾ’ ಎಂದು ಬೀಗಿದ್ದೆ.

ಆಗುಂಬೆ ತಲುಪುವಾಗ ಅಕಾಲದ ಮಳೆ ಹಿಡಿಯಿತು. ಬಿಟ್ಟ ಮೇಲೆ ಇಳಿಯತೊಡಗಿದೆವು. ಐದನೆಯ ತಿರುವಿನಲ್ಲಿ ಮುಂದಿದ್ದ ಗೆಳೆಯ ಕೂಗಿದ. ಅವನ ಸೈಕಲ್ಲು ನಿಲ್ಲಲಿಲ್ಲ. ಪ್ರಪಾತದ ಕಡೆ ಹೋಗದೆ ಗುಡ್ಡದ ಕಡೆಯ ಚರಂಡಿಗೆ ಹ್ಯಾಂಡಲ್ ತಿರುಗಿಸಿದ್ದು ಅವನ ಸಮಯಪ್ರಜ್ಞೆ. ಬಲಗೈ ಮಣಿಕಟ್ಟು ಎರಡು ಕಡೆ ಮುರಿಯಿತು. ಅವನನ್ನು ಲಾರಿಗೆ ಹತ್ತಿಸುವ ಮುಂಚೆ ನಾನು ಸೈಕಲ್ಲನ್ನು ನೋಡಿದೆ. ಮುಂದಿನ ಬ್ರೇಕಿನ ಒಂದು ಗೂಡಿನಲ್ಲಿ ರಬ್ಬರೇ ಇರಲಿಲ್ಲ. ಗೂಡಿನ ತೆರೆದ ಬದಿ ಮುಂದಕ್ಕಿತ್ತು. ಉಲ್ಟಾ ಹಾಕಿದವನು ನಾನು.

ಏಪ್ರಿಲಿನ ಪರೀಕ್ಷೆ ಅವನಿಗೆ ತಪ್ಪಿತು. ಮುಂದಿನ ವರ್ಷ ಅವನ ತಂದೆ ತೀರಿಕೊಂಡರು, ಅಂಗಡಿ ಅವನ ಹೆಗಲಿಗೆ ಬಂತು. ಎಂ.ಎಸ್ಸಿ. ಮಾತು ಅಲ್ಲಿಗೆ ನಿಂತಿತು. ‘ಮಳೆಗೆ ಬ್ರೇಕ್ ಹಿಡೀಲಿಲ್ಲ’ ಎಂದು ಎಲ್ಲರೂ ಅಂದರು. ನಾನೂ ಅದನ್ನೇ ಅಂದೆ. ಬಿ.ಎಡ್. ಮಾಡಿ ಮೇಷ್ಟ್ರಾದೆ. ಪ್ರತಿ ವರ್ಷ ಘರ್ಷಣೆಯ ಪಾಠ ಮಾಡಿದೆ. ಈ ಉದಾಹರಣೆಯನ್ನು ಮಾತ್ರ ಒಂದು ಸಲವೂ ಕೊಡಲಿಲ್ಲ.

ಮಗ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ‘ನಾಳೆ ಅವರಿಗೆ ಹೇಳ್ತೀಯಾ ಅಪ್ಪ?’ ಎಂದ.

ಹದಿನಾಲ್ಕು ನಿಲುಗಡೆ

ಸಂಕ್ರಾಂತಿಯ ಬೆಳಿಗ್ಗೆ ರಸ್ತೆ ಒಣಗಿತ್ತು. ಇಳಿಯುವ ಮುಂಚೆ ಮಗನಿಗೊಂದು ಲೆಕ್ಕ ಕೊಟ್ಟೆ. ಸವಾರ, ಸೈಕಲ್ಲು, ಸಾಮಾನು ಸೇರಿ 90 ಕೆ.ಜಿ. ಎಂದಿಟ್ಟುಕೊ. ಘಟ್ಟದಲ್ಲಿ 500 ಮೀಟರ್ ಇಳಿಯುತ್ತೇವೆ ಎಂದುಕೊ. ಕಳೆದುಕೊಳ್ಳುವ ಪ್ರಚ್ಛನ್ನ ಶಕ್ತಿ 90 x 9.8 x 500, ಅಂದರೆ 4 ಲಕ್ಷ 41 ಸಾವಿರ ಜೂಲ್. ಒಂದು ಲೀಟರ್ ತಣ್ಣೀರನ್ನು ಕುದಿಬಿಂದುವಿಗೆ ತರಲು ಸುಮಾರು 3 ಲಕ್ಷ 36 ಸಾವಿರ ಜೂಲ್ ಸಾಕು. ನಿಧಾನವಾಗಿ ಇಳಿದರೆ ಗಾಳಿಯ ಪಾಲು ಕಡಿಮೆ. ಒಂದು ಲೀಟರಿಗೂ ಹೆಚ್ಚು ನೀರು ಕುದಿಸುವ ಶಾಖದಲ್ಲಿ ಬಹುಪಾಲನ್ನು ಆ ನಾಲ್ಕು ತುಂಡು ರಬ್ಬರು ಮತ್ತು ಎರಡು ರಿಮ್ಮು ತಿನ್ನಬೇಕು. ಆದ್ದರಿಂದ ಬ್ರೇಕನ್ನು ಸದಾ ಉಜ್ಜುತ್ತ ಇರಬಾರದು. ತಿರುವಿಗೆ ಮುಂಚೆ ಎರಡೂ ಕೈಯಿಂದ ಒತ್ತಿ ವೇಗ ತಗ್ಗಿಸಬೇಕು, ಮತ್ತೆ ಸಡಿಲ ಬಿಡಬೇಕು, ನಡುನಡುವೆ ನಿಂತು ಆರಿಸಿಕೊಳ್ಳಬೇಕು.

ಹದಿನಾಲ್ಕು ತಿರುವು, ಹದಿನಾಲ್ಕು ನಿಲುಗಡೆ. ಪ್ರತಿ ಸಲ ಇಳಿದು ನಾಲ್ಕೂ ರಬ್ಬರುಗಳನ್ನು ನೋಡಿದೆವು. ಐದನೆಯ ತಿರುವಿನಲ್ಲಿ ನಾನು ಹತ್ತಲಿಲ್ಲ. ಮುಂದಿನ ತಿರುವಿನವರೆಗೆ ನಡೆದೆ. ಸಿಂಗಳೀಕಗಳ ಗುಂಪೊಂದು ಮರದ ಮೇಲಿನಿಂದ ನಮ್ಮನ್ನು ಪರೀಕ್ಷಿಸುತ್ತಿತ್ತು. ಮಗ ಏನೂ ಕೇಳದೆ ತನ್ನ ಸೈಕಲ್ಲನ್ನೂ ತಳ್ಳಿಕೊಂಡು ಪಕ್ಕದಲ್ಲಿ ಬಂದ. ಸೋಮೇಶ್ವರ ತಲುಪಿದಾಗ ಗಾಳಿ ಬದಲಾಗಿತ್ತು, ಸೆಕೆ ಹತ್ತಿತ್ತು.

ಹೆಬ್ರಿಯ ಬಳಿ ಗೆಳೆಯನ ದಿನಸಿ ಅಂಗಡಿ. ವರ್ಷಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತಿದ್ದವರು ನಾವು. ಸೈಕಲ್ಲಿನಲ್ಲಿ ಬಂದದ್ದು ನೋಡಿ ಅವನು ಗಲ್ಲೆಯಿಂದ ಎದ್ದೇ ಬಂದ. ಎಳ್ಳು ಬೆಲ್ಲ ಕೊಟ್ಟೆವು, ಊಟವಾಯಿತು. ಜಗಲಿಯಲ್ಲಿ ಕೂತಾಗ ಹೇಳಿದೆ. ಮೂವತ್ತನಾಲ್ಕು ವರ್ಷ ಬಾಯಲ್ಲಿ ಉಳಿದಿದ್ದ ಮಾತು ಮೂರು ವಾಕ್ಯದಲ್ಲಿ ಮುಗಿಯಿತು.

ಅವನು ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಆ ಮಣಿಕಟ್ಟು ಇಂದಿಗೂ ಪೂರ್ತಿ ತಿರುಗುವುದಿಲ್ಲ.

‘ನಂಗೆ ಗೊತ್ತಿತ್ತು ಮಾರಾಯ. ಸೈಕಲ್ ರಿಪೇರಿ ಮಾಡಿದವ ಆಗ್ಲೇ ಅಪ್ಪನಿಗೆ ತೋರ್ಸಿದ್ದ. ನೀನು ಹೇಳ್ತೀಯೋ ಅಂತ ಸ್ವಲ್ಪ ಸಮಯ ಕಾದೆ. ಮತ್ತೆ ಕಾಯುದು ಬಿಟ್ಟೆ.’

ನನಗೆ ತಲೆ ಎತ್ತಲಾಗಲಿಲ್ಲ. ಅವನು ಎದ್ದು ಅಂಗಳಕ್ಕೆ ಹೋದ. ಕಪ್ಪು ಸೈಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಆ ಸೊಟ್ಟ ಕೈಯಿಂದಲೇ ಮುಂದಿನ ಬ್ರೇಕಿನ ಗೂಡುಗಳನ್ನು ಒಂದೊಂದಾಗಿ ತಡವಿ ನೋಡಿದ. ಆಮೇಲೆ ಮಗನ ಸೈಕಲ್ಲಿನ ಹತ್ತಿರ ಹೋಗಿ ಅದನ್ನೂ ನೋಡಿದ.

‘ಈ ಸಲ ಸರಿ ಉಂಟು’ ಎಂದ. ‘ಶಾಲೆ ಮಕ್ಕಳಿಗೆ ಹೇಳ್ತೀಯಾ ಇದನ್ನ?’

‘ಹೇಳ್ತೇನೆ’ ಎಂದೆ.

ಬುಧವಾರ ಸೈಕಲ್ಲುಗಳನ್ನು ಬಸ್ಸಿನ ಮೇಲೆ ಕಟ್ಟಿಸಿ ಊರಿಗೆ ಮರಳಿದೆವು. ಗುರುವಾರ ಒಂಬತ್ತನೇ ತರಗತಿಯ ಮಕ್ಕಳನ್ನು ಸೈಕಲ್ ನಿಲ್ಲಿಸುವ ಮರದಡಿಗೆ ಕರೆದೊಯ್ದು ಪಾಠ ಮಾಡಿದೆ, ಏನನ್ನೂ ಮುಚ್ಚಿಡದೆ. ರಾಜ್ಯ ಸರ್ಕಾರ 2006–07ರಲ್ಲಿ ಎಂಟನೇ ತರಗತಿಯವರಿಗೆ ಸೈಕಲ್ ಕೊಡಲು ಆರಂಭಿಸಿದ ಮೇಲೆ ಬಂದ ಸೈಕಲ್ಲುಗಳಲ್ಲಿ ಕೆಲವು ಅಕ್ಕನಿಂದ ತಮ್ಮನಿಗೆ ದಾಟುತ್ತ ಇಂದಿಗೂ ನಮ್ಮಲ್ಲಿ ಓಡುತ್ತಿವೆ. ಪ್ರತಿಯೊಬ್ಬರೂ ತಮ್ಮ ತಮ್ಮ ಬ್ರೇಕು ನೋಡಿದರು. ಎರಡು ಸೈಕಲ್ಲುಗಳಲ್ಲಿ ಗೂಡು ಉಲ್ಟಾ ಇತ್ತು. ಒಂದರಲ್ಲಿ ರಬ್ಬರು ಅರ್ಧ ಹೊರಗೆ ಬಂದಿತ್ತು. ಅದರ ಹುಡುಗಿ ದಿನವೂ ಏರಿಳಿದು ಬರುವ ದಾರಿ ನನಗೆ ಗೊತ್ತು.

ತಂದೆತಾಯಿಗಳಲ್ಲಿ ನನ್ನ ವಿನಂತಿ ಇಷ್ಟೇ. ಮಕ್ಕಳಿಗೆ ಸೈಕಲ್ ಕೊಡಿಸುವಾಗ ಗೇರು ಎಷ್ಟು, ಬಣ್ಣ ಯಾವುದು ಎಂದು ಕೇಳುವ ಮುಂಚೆ ಅದು ಹೇಗೆ ನಿಲ್ಲುತ್ತದೆ ಎಂದು ಕೇಳಿ. ತಿಂಗಳಿಗೊಂದು ಭಾನುವಾರ ಅರ್ಧ ಗಂಟೆ ಮಗುವಿನೊಂದಿಗೆ ಸೈಕಲ್ಲಿನ ಮುಂದೆ ಕೂರಿ. ರಬ್ಬರು ಸವೆದಿದೆಯೇ, ಗೂಡಿನ ಮುಚ್ಚಿದ ಬದಿ ಚಕ್ರ ತಿರುಗುವ ದಿಕ್ಕಿಗಿದೆಯೇ, ಚಕ್ರದ ನಟ್ಟು ಬಿಗಿಯಾಗಿದೆಯೇ ನೋಡಿ. ಅಡಿಪಟ್ಟಿಯಿಂದ ಚೈನನ್ನು ಅಳೆಯಿರಿ. ಹೊಸ ಚೈನಿನ 24 ಕೊಂಡಿಗಳ ಉದ್ದ ಸರಿಯಾಗಿ 12 ಇಂಚು. ಅದು ಇಂಚಿನ ಎಂಟನೇ ಒಂದು ಭಾಗ ಹಿಗ್ಗಿದ್ದರೆ ಬದಲಿಸಿ. ಗೊತ್ತಿಲ್ಲದಿದ್ದರೆ ಗೊತ್ತಿರುವವರನ್ನು ಕೇಳಿ. ಕೇಳಲು ನಾಚಿದ್ದರಿಂದ ಏನಾಯಿತೆಂದು ನೀವು ಓದಿದ್ದೀರಿ.

ಮಗ ಹೊಸ ಸೈಕಲ್ಲಿನ ಮಾತು ಮತ್ತೆ ಎತ್ತಿಲ್ಲ. ನನ್ನ ಪ್ರಾಮಿಸ್ ಹಾಗೇ ಇದೆ. ಬೇಸಿಗೆ ರಜೆಯಲ್ಲಿ ಎಲ್ಲಿಗೆ ಹೋಗೋಣ ಎಂದು ಭೂಪಟ ಹರಡಿಕೊಂಡು ಕೂತಿದ್ದಾನೆ. ಪಕ್ಕದಲ್ಲೊಂದು ಚೀಟಿ. ಅದರಲ್ಲಿ ಮೊದಲ ಸಾಲು: ‘ಬ್ರೇಕ್ ರಬ್ಬರ್ – 4’.